ಬಲಕ್ಕೆಳೆಯೋ ಕಾರು

ಇಲ್ಲ ಟೀಚರೇ, ಈ ಶನಿವಾರವೂ ಮುಗೀಲಿಲ್ಲ. ಅದ್ಯಾಕೆ ನಗ್ತೀರಿ? ನಮ್ಮ ಕೊಳವಳ್ಳಿಯಲ್ಲಿ ಯಾರನ್ನಾದ್ರೂ ಕೇಳಿ, ಆನೆ ಮಗುಚಿ ಹಾಕಿದ ಜೀಪನ್ನೂ ರಸ್ತೆಗೆ ಬಿಟ್ಟವನು ಈ ಶಿವನಂಜಪ್ಪ. ಆದ್ರೆ ನಿಮ್ಮಣ್ಣ ಬಿಟ್ಟುಹೋದ ಈ ಕೆಂಪು ಸ್ಪೋರ್ಟ್ಸ್ ಕಾರು ಇದೆಯಲ್ಲ… ಇರೋದು ಎರಡೇ ಸೀಟು, ಹಟ ಮಾತ್ರ ಲಾರಿಯಷ್ಟು. ಹೋದ ವಾರ ರಿಪೇರಿ ಮಾಡಿ ಕೊಟ್ಟೆ, ಪುಲ್ಪಳ್ಳಿಯ ಮನೆ ಮುಟ್ಟೋದ್ರೊಳಗೆ ನಿಮ್ಮ ತೋಳು ಬಿದ್ದೇಹೋಯ್ತು ಅಂದ್ರಿ. ಸ್ಟೀರಿಂಗ್ ಬಿಗಿ, ಕಾರು ಬಲಕ್ಕೇ ಎಳೆಯುತ್ತೆ.

ಕೂತ್ಕೊಳ್ಳಿ, ಸ್ಟೂಲು ಒರೆಸಿಟ್ಟಿದ್ದೀನಿ. ಚಾಯ ಬರುತ್ತೆ, ಸಕ್ಕರೆ ಕಮ್ಮಿ ಅಂತ ಹೇಳಿದ್ದೀನಿ. ನನಗೆ ಹೇಗೆ ಗೊತ್ತು ಅಂತೀರಾ? ಏಳು ಶನಿವಾರ ಆಯ್ತಲ್ಲ.

ಎಲ್ಲಾ ಆ ಬುಷ್ ಅನ್ನೋದರ ಕಾಟ. ಸ್ಟೀರಿಂಗ್ ಸರಳಿನ ಸಂದಿಯಲ್ಲಿ ಕಬ್ಬಿಣದ ಬಳೆ, ಬಳೆಯೊಳಗೆ ರಬ್ಬರು. ಹೊಸದಾ? ಹೊಸದು ಬಂತು, ಹಾಕಿದ್ದೂ ಆಯ್ತು, ಮೊದಲನೇ ವಾರವೇ… ಅಲ್ಲ, ಮೊನ್ನೆ. ಬರೀ ಹಾಕಿದ್ರೆ ಆಗಲ್ಲ ಟೀಚರೇ, ಅದನ್ನ ಬಿಗಿಯೋಕೆ ಒಂದು ಕ್ರಮ ಇದೆ. ಕಾರು ನೆಲದ ಮೇಲಿರಬೇಕು, ಚಕ್ರ ನೇರ ಇರಬೇಕು, ಆಮೇಲೆ ನಟ್ಟಿಗೆ ಕೊನೇ ಬಿಗಿ. ಚಕ್ರ ತಿರುಗಿಸಿಟ್ಟು ಬಿಗಿದ್ರೆ ಮುಗೀತು, ರಬ್ಬರು ತಿರುಚಿಕೊಂಡು ಆ ಕಡೆಗೇ ಎಳೀತಾ ಇರುತ್ತೆ. ಮೂವತ್ತು ವರ್ಷದ ಕೈ ಇದು, ಇಷ್ಟೂ ಗೊತ್ತಿಲ್ವಾ?



ಬಗ್ಗಿ ಏನು ನೋಡ್ತಿದ್ದೀರಿ… ಚಕ್ರಾನಾ? ಹೌದು, ಬಲಕ್ಕೆ ತಿರುಗಿದೆ. ಅದು… ಶುಭ ಅಂತ. ಪ್ರದಕ್ಷಿಣೆ ಬಲಕ್ಕೇ ತಾನೇ ಹಾಕೋದು? ಸ್ಪಾನರ್ ನಟ್ಟಿನ ಮೇಲಿದೆ, ಅದೂ ಹೌದು. ಕಾರು ಜಾಕಿನ ಮೇಲಿದೆ, ಅದೂ… ನೀವು ಒಂದು ಮಾತೂ ಆಡಲಿಲ್ಲ, ನಾನೇ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಕೊಳ್ತಿದ್ದೀನಿ. ಕ್ಲಾಸಲ್ಲಿ ಮಕ್ಕಳನ್ನೂ ಹಿಂಗೇ ನೋಡ್ತಿದ್ರಾ?

ಶರಿ, ಒಪ್ಕೊಂಡೆ. ಬೇಕಂತಲೇ. ಏಳು ವಾರವೂ ಬೇಕಂತಲೇ.

ಹೆಂಡತಿ ಹೋಗಿ ಒಂಬತ್ತು ವರ್ಷ ಆಯ್ತು ಲತಿಕ ಟೀಚರೇ. ಶೆಡ್ಡಿಗೆ ಬಂದವರೆಲ್ಲ ಗಾಡಿ ಆಯ್ತಾ ಅಂತಾರೆ. ನೀವೊಬ್ರು, ಬಂದ ಮೊದಲನೇ ದಿನ, ಊಟ ಆಯ್ತಾ ಅಂದ್ರಿ. ಕಾರು ಸರಿಹೋದ್ರೆ ನೀವ್ಯಾಕೆ ಬರ್ತೀರಿ, ಹೇಳಿ? ಅದೇ ಭಯ ನನಗೆ.

ಬೈದುಬಿಡಿ. ಇಲ್ವಾ? ಬೈಯೋಕೂ ಬೇಡವಾದೆನಾ… ಆಯ್ತು, ಈಗಲೇ ಇಳಿಸ್ತೀನಿ. ಇಗೋ, ಜಾಕು ತೆಗೆದೆ. ಚಕ್ರ ನೇರ ಮಾಡಿದೆ, ನೀವೇ ನೋಡಿ. ಇನ್ನು ಎರಡು ಸುತ್ತು ಬಿಗಿದ್ರೆ ಒಂದು ಬೆರಳಲ್ಲಿ ಓಡಿಸಬಹುದು, ಮುಂದಿನ ಶನಿವಾರ ಇಷ್ಟು ದೂರ ಬರೋ ಕಷ್ಟ ಇಲ್ಲ ನಿಮಗೆ.

ಒಳಗೆ ಯಾಕೆ ಕೂತ್ರಿ? ಸ್ಟೀರಿಂಗ್ ಮುಟ್ಟಬೇಡಿ, ನಾನು ಬಿಗಿಯೋವಾಗ ಅದು ಅಲ್ಲಾಡಬಾರದು… ಟೀಚರೇ, ಕೇಳಿಸ್ತಾ… ಎರಡೂ ಕೈಯಲ್ಲಿ ಹಿಡಿದು ಯಾಕೆ ಮತ್ತೆ ಬಲಕ್ಕೆ ತಿರುಗಿಸ್ತಿದ್ದೀರಿ?