ಒಂಬತ್ತನೆಯ ಸಾಲಿನ ಕೈ

ದಿಲ್ಲಿಯ ಮಹಿಪಾಲಪುರದ ಗೋದಾಮುಗಳನ್ನು ದಾಟಿ ಹೆದ್ದಾರಿಗೆ ಬರುವ ಕಚ್ಚಾ ದಾರಿಯಲ್ಲಿ ಒಂದು ಹಳೆಯ ಬಾವಿ ಇತ್ತು. ನೀರಿಲ್ಲ. ಯಾರೂ ಬೀಳದಿರಲೆಂದು ಬಾಯಿಗೆ ಕಬ್ಬಿಣದ ಸರಳು ಹಾಕಿದ್ದರು. ಪಕ್ಕದಲ್ಲಿ ಒಂದು ಆಲದ ಮರ. ೨೦೦೭ರ ದೀಪಾವಳಿಗೆ ಇನ್ನೂ ಹತ್ತು ದಿನ ಇತ್ತು. ಬೆಳಗಿನ ಜಾವ ಐದಕ್ಕೆ ಸ್ವಲ್ಪ ಮೊದಲು ಮಹಂತೇಶ ಆ ದಾರಿಯಲ್ಲಿ ಒಬ್ಬನೇ ಮನೆಗೆ ಹೊರಟಿದ್ದ.

ಮಹಂತೇಶ ಎಂದರೆ ದ್ವಾರಕಾದಲ್ಲಿ ನಮ್ಮ ಸೊಸೈಟಿಯ ಗುಂಡಣ್ಣನವರ ಅಣ್ಣನ ಮಗ. ಗದಗಿನವನು. ಇಪ್ಪತ್ತಾರು ವಯಸ್ಸು. ಕತೆ ಕಟ್ಟುವಷ್ಟು ಮಾತು ಅವನಿಗೆ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

ತಲೆಯ ಮೇಲೆ ಒಂದು ವಿಮಾನ ಇಳಿದುಹೋಯಿತು. ಅದರ ಮೊರೆತ ಅಡಗಿದ ಮೇಲೆ ಅವನ ಚಪ್ಪಲಿಯ ಸದ್ದು ಮಾತ್ರ... ಸರಕ್, ಸರಕ್. ಬಾವಿ ದಾಟಿ ನಾಲ್ಕು ಹೆಜ್ಜೆ ಇಟ್ಟಿರಬಹುದು.

ಟಣ್... ಟಣ್.

ಉಂಗುರದಿಂದ ಕಬ್ಬಿಣದ ಕೊಳವೆಯನ್ನು ತಟ್ಟಿದ ಹಾಗೆ. ಎರಡೇ ಸಲ.

ಅವನು ತಿರುಗಿದ. ಬಾವಿಯ ಸರಳು, ಆಲದ ಬಿಳಲು, ದೂರದ ಗೋದಾಮಿನ ಹಳದಿ ದೀಪ.

"ಬಸಪ್ಪಣ್ಣಾ?"

ಗೇಟಿನಿಂದ ಹಿಂದೆ ಹಿಂದೆ ಬರುತ್ತಿದ್ದ ನಾಯಿಯೊಂದು ಅಲ್ಲಿಯೇ ನಿಂತು, ಬಾವಿಯ ಕಡೆ ನೋಡಿ, ಬಾಲ ಒಳಗೆ ಹಾಕಿಕೊಂಡು ಬಂದ ದಾರಿಯಲ್ಲಿ ಓಡಿಹೋಯಿತು.

ಮಹಂತೇಶನಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಇದು ಗೋದಾಮಿನಲ್ಲಿ ಪಕ್ಕದ ಸಾಲಿನಲ್ಲಿ ಕೆಲಸ ಮಾಡುವ ಬಸಪ್ಪನದೇ ಆಟ. ಆ ತಟ್ಟು ಏನೆಂದು ಗೊತ್ತಿದ್ದವರು ಗೋದಾಮಿನವರು ಮಾತ್ರ.

ಅದೊಂದು ಕೊರಿಯರ್ ಕಂಪನಿಯ ಗೋದಾಮು. ದೀಪಾವಳಿಗೆ ಮುಂಚೆ ದಿಲ್ಲಿಯ ಆಫೀಸುಗಳೆಲ್ಲ ಒಂದಕ್ಕೊಂದು ಉಡುಗೊರೆ ಕಳಿಸುತ್ತವಲ್ಲ... ಗೋಡಂಬಿ ದ್ರಾಕ್ಷಿಯ ಡಬ್ಬಿ, ಗಾಜಿನ ಬಟ್ಟಲು, ಮಿಠಾಯಿ. ಮೂರು ವಾರ ರಾತ್ರಿಯಿಡೀ ಆ ಪೆಟ್ಟಿಗೆಗಳ ಪ್ರವಾಹ. ಅದಕ್ಕಾಗಿ ನಲವತ್ತು ಜನರನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳುತ್ತಿದ್ದರು. ನಡುವೆ ಓಡುವ ಬೆಲ್ಟು, ಬದಿಗೆ ಉರುಳೆಗಳ ಸಾಲುಗಳು. ಒಂದೊಂದು ಸಾಲಿಗೆ ಒಂದು ಬಡಾವಣೆ, ಒಬ್ಬ ಆಳು. ಏಳು ಹೌಜ್ ಖಾಸ್, ಅಲ್ಲಿ ಬಸಪ್ಪ. ಎಂಟು ವಸಂತ್ ಕುಂಜ್, ಅಲ್ಲಿ ಮಹಂತೇಶ. ಒಂಬತ್ತು ಖಾಲಿ. ಅಲ್ಲಿನ ಟ್ಯೂಬ್‌ಲೈಟನ್ನು ತೆಗೆದುಬಿಟ್ಟಿದ್ದರು.

ಪೆಟ್ಟಿಗೆ ಎತ್ತಬೇಕು, ಚೀಟಿ ಓದುವ ಸ್ಕ್ಯಾನರ್ ಗನ್ನಿನಿಂದ ಪೀಂ ಎನ್ನಿಸಬೇಕು, ಪಂಜರದ ಗಾಡಿಗೆ ಹಾಕಬೇಕು. ಥಪ್. ಮತ್ತೆ ಎತ್ತಬೇಕು. ಗಂಟೆಗೆ ನಾನೂರು. ಪ್ರತಿ ಗಂಟೆ ಸೂಪರ್‌ವೈಸರ್ ದಹಿಯಾ ಬೋರ್ಡಿನ ಮೇಲೆ ಸಾಲಿನ ಲೆಕ್ಕ ಬರೆಯುತ್ತಿದ್ದ. ಒಂದು ರಾತ್ರಿಯಲ್ಲಿ ಮೂರು ಸಲ ನಾನೂರಕ್ಕಿಂತ ಕೆಳಗೆ ಹೋದವನು ನಾಳೆ ಬರುವಂತಿಲ್ಲ. ಹಬ್ಬದವರೆಗೆ ಉಳಿದವರಲ್ಲಿ ಮೇಲಿನ ಆರು ಜನರಿಗೆ ಖಾಯಂ ಕೆಲಸ. ಮಹಂತೇಶನಿಗೆ ಆ ಆರರಲ್ಲಿ ಒಂದು ಬೇಕಿತ್ತು. ದಿಲ್ಲಿಗೆ ಬಂದು ಎರಡು ಕೆಲಸ ಕಳೆದುಕೊಂಡಿದ್ದ. "ಹಬ್ಬದವರೆಗೆ ನೋಡೋಣ. ಆಗಲಿಲ್ಲ ಅಂದ್ರೆ ಟಿಕೆಟ್ ತೆಗೆಸ್ತೀನಿ" ಎಂದು ಗುಂಡಣ್ಣ ಕಾಕಾ ಮೆತ್ತಗೆ ಹೇಳಿದ್ದರು. ಊರಿಗೆ ಹೋದರೆ ಅಣ್ಣನ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾ, ಅತ್ತಿಗೆಯ ಮುಖ ನೋಡುತ್ತಾ ಕೂರಬೇಕು.

ರಾತ್ರಿ ಎರಡಕ್ಕೆ ಇಪ್ಪತ್ತು ನಿಮಿಷ ಬಿಡುವು. ಅದರಾಚೆ ನೀರಡಿಕೆ, ಹೊಟ್ಟೆನೋವು, ಯಾವುದಕ್ಕೂ ಬೆಲ್ಟು ನಿಲ್ಲುವುದಿಲ್ಲ. ಹಾಗಾಗಿ ಆಳುಗಳೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಅದಕ್ಕೆ 'ಕೈ' ಎನ್ನುತ್ತಿದ್ದರು. ನೀನು ಹೋಗಲೇಬೇಕಾದರೆ ಉರುಳೆಯ ಚೌಕಟ್ಟಿಗೆ ಎರಡು ಸಲ ತಟ್ಟು. ಪಕ್ಕದವನು ಒಂದು ಸಲ ತಟ್ಟಿದರೆ ಒಪ್ಪಿದ ಎಂದು ಅರ್ಥ. ನೀನು ಬರುವವರೆಗೆ ನಿನ್ನ ಗನ್ನು ಹಿಡಿದು ನಿನ್ನ ಸಾಲನ್ನೂ ಅವನೇ ನೋಡುತ್ತಾನೆ. ಬೆಳಗಾಗುವುದರೊಳಗೆ ಅವನು ತಟ್ಟಿದಾಗ ನೀನು ಕೈ ತಿರುಗಿಸಿ ಕೊಡಬೇಕು. ಬಾಕಿ ಇಟ್ಟುಕೊಂಡು ಯಾರೂ ಮನೆಗೆ ಹೋಗುತ್ತಿರಲಿಲ್ಲ.

ಮೊದಲ ದಿನವೇ ಬಸಪ್ಪ ಹೇಳಿಕೊಟ್ಟಿದ್ದ. ಯಾದಗಿರಿಯ ಕಡೆಯವನು, ನಲವತ್ತೈದು ದಾಟಿದವನು, ಮೂರನೆಯ ದೀಪಾವಳಿ ಅವನಿಗೆ. "ತಮ್ಮಾ, ಮುಖ ನೋಡಿ ತಟ್ಟು. ಸುಮ್ನ ತಟ್ಟಬ್ಯಾಡ."

ಬಾವಿಯ ಬಳಿ ಸದ್ದು ಕೇಳುವ ಮೊದಲು, ಆ ರಾತ್ರಿ ಗೋದಾಮಿನಲ್ಲಿ ಮಹಂತೇಶ ಮುಖ ನೋಡಲಿಲ್ಲ. ಮೂರೂವರೆಗೆ ಶೌಚಕ್ಕೆ ಹೋಗಲೇಬೇಕಾಯಿತು. ಬೆವರು ಕಣ್ಣಿಗಿಳಿಯುತ್ತಿತ್ತು. ತಲೆ ತಗ್ಗಿಸಿಯೇ ತಟ್ಟಿದ. ಟಣ್ ಟಣ್. ಒಂದು ಕ್ಷಣ... ಟಣ್. ಉತ್ತರ ಬಂತು. ಓಡಿದ. ಹಿಂದಿರುಗಿದಾಗ ಹದಿನೈದು ನಿಮಿಷ ಕಳೆದಿತ್ತು. ಪಂಜರ ತುಂಬಿತ್ತು, ಪೆಟ್ಟಿಗೆಗಳ ಅಂಚಿಗೆ ಅಂಚು ಕೂಡಿಸಿ, ಒಂದು ಬೆರಳೂ ಹೋಗದ ಹಾಗೆ. ಬೋರ್ಡಿನಲ್ಲಿ ಎಂಟರ ಮುಂದೆ ಐನೂರ ನಲವತ್ತು.

ಕೆಲಸ ಮುಗಿದಾಗ ಬಸಪ್ಪನಿಗೆ ಹೇಳಿದ: "ಅಣ್ಣಾ, ನಿಮ್ಮ ಕೈ ಬಾಕಿ ಉಳೀತು. ನಾಳೆ ಕೊಡ್ತೀನಿ."

"ಯಾವ ಕೈ?"

"ಮೂರೂವರಿಗೆ ಕೊಟ್ರಲ್ಲ."

"ನಾ ಎಲ್ಲಿ ಕೊಟ್ಟೆನೋ? ನಂದ ಮುಳುಗತಿತ್ತು."

ಬಸಪ್ಪ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಟವೆಲ್ ಕೊಡವಿಕೊಂಡು ಹೊರಟುಬಿಟ್ಟ. ಎರಡು ವರ್ಷ ಆರರೊಳಗೆ ಬರಲಾಗದವನು. ಈ ವರ್ಷವೂ ಬೋರ್ಡಿನ ಲೆಕ್ಕದಲ್ಲಿ ಏಳನೆಯವನಾಗಿಯೇ ಉಳಿದಿದ್ದವನು. ಬಾವಿಯ ಹತ್ತಿರ ಆ ಸದ್ದು ಕೇಳಿದಾಗ ಮಹಂತೇಶ ಯೋಚಿಸಿದ್ದು ಇದನ್ನೇ. ನನ್ನನ್ನು ಹೆದರಿಸಿ ಓಡಿಸಿದರೆ ಆ ಜಾಗ ಯಾರಿಗೆ?

ಮರುರಾತ್ರಿ ಪರೀಕ್ಷೆ ಮಾಡಿದ. ಈ ಸಲ ಬಸಪ್ಪನನ್ನು ನೋಡುತ್ತಲೇ ತಟ್ಟಿದ. ಬಸಪ್ಪನ ಎರಡೂ ಕೈ ಒಂದು ದೊಡ್ಡ ಪೆಟ್ಟಿಗೆಯ ಅಡಿಯಲ್ಲಿದ್ದವು. ಹಣೆಯ ನರ ಉಬ್ಬಿತ್ತು.

ಎಡಗಡೆಯಿಂದ... ಟಣ್.

ಮಹಂತೇಶ ಎಡಕ್ಕೆ ನೋಡಲಿಲ್ಲ. ಗನ್ನನ್ನು ಉರುಳೆಯ ಮೇಲಿಟ್ಟು ನೀರಿನ ಕೂಲರಿನ ಕಡೆ ನಡೆದ. ಅಲ್ಲಿಂದ ತಿರುಗಿ ನೋಡಿದರೆ ಅವನ ಸಾಲಿಗೆ ಒಂದು ಕಂಬ ಅಡ್ಡ. ಏನೂ ಕಾಣದು. ಕೇಳುವುದು ಮಾತ್ರ. ಪೀಂ. ಥಪ್. ಪೀಂ. ಥಪ್. ಮನುಷ್ಯರು ಮಾಡುವಾಗ ನಡುವೆ ಒಂದು ಉಸಿರು ಇರುತ್ತದೆ. ಇದರಲ್ಲಿ ಅದು ಇರಲಿಲ್ಲ.

ಇಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಬೆನ್ನು ಬಿರಿಯುತ್ತಿತ್ತು, ಬೆರಳುಗಳ ಸಂದಿಯಲ್ಲಿ ರಟ್ಟು ಕೊಯ್ದ ಗಾಯ, ಬೋರ್ಡಿನ ಮೇಲೆ ದಹಿಯಾನ ಮಾರ್ಕರಿನ ಕಿರ್ರೆಂಬ ಸದ್ದು. ಒಂದು ರಾತ್ರಿ ಎರಡು ಸಲ ತಟ್ಟಿದ. ಮತ್ತೊಂದು ರಾತ್ರಿ ಮೂರು ಸಲ. ಒಂಬತ್ತರಿಂದ ತಿರುಗಿ ಕೇಳಿದವರು ಯಾರೂ ಇರಲಿಲ್ಲ. ಆರನೆಯ ದಿನ ಎಂಟನೆಯ ಸಾಲು ಬೋರ್ಡಿನಲ್ಲಿ ಎಲ್ಲರಿಗಿಂತ ಮೇಲಿತ್ತು.

"ಏ ಎಂಟು!" ದಹಿಯಾ ಬಂದು ಬೆನ್ನ ಹಿಂದೆ ನಿಂತ. ಆಳುಗಳನ್ನು ಅವನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಏನು ತಿಂದು ಬರ್ತೀಯೋ ಮದ್ರಾಸಿ? ಇಡ್ಲಿಯಲ್ಲಿ ಇಷ್ಟು ಜೋರಿದೆಯಾ?" ನಕ್ಕ. ಆಮೇಲೆ ನಗಲಿಲ್ಲ. ಒಂದೇ ಪೆಟ್ಟಿಗೆಗೆ ಎರಡೆರಡು ಸಲ ಗನ್ನು ಒತ್ತುತ್ತಿದ್ದಾನೆ ಎಂಬ ಗುಮಾನಿ. ಮೂರು ಪಂಜರ ಖಾಲಿ ಮಾಡಿಸಿ ಒಂದೊಂದನ್ನೇ ತಾಳೆ ನೋಡಿದ. ಎಲ್ಲ ಸರಿ ಇತ್ತು. "ಅಚ್ಛಾ..." ಎಂದ. ಆದರೆ ಅಂದಿನಿಂದ ಮಹಂತೇಶನ ಮೇಲೆ ಒಂದು ಕಣ್ಣಿಟ್ಟ. ಉಳಿದವರು ಚಹಾದ ಹೊತ್ತಿನಲ್ಲಿ ಅವನ ಪಕ್ಕ ಕೂರುವುದನ್ನು ಬಿಟ್ಟರು.

ಬಸಪ್ಪ ಮಾತ್ರ ಬಂದು ಕುಕ್ಕರಗಾಲಲ್ಲಿ ಕೂತ. ಪಿಸುಗುಟ್ಟಿದ.

"ಯಾರ್ ಕೈ ತಗೋಳಾಕತ್ತಿ?"

"ಯಾರದೂ ಇಲ್ಲ."

"ಸುಳ್ಳ್ ಹೇಳಬ್ಯಾಡ. ನಂಗೂ ಕೇಳಸ್ತದ."

ಬಸಪ್ಪ ಬೀಡಿಯನ್ನು ಹಚ್ಚದೆ ಬೆರಳಲ್ಲಿ ಉರುಳಿಸುತ್ತಿದ್ದ.

"ಹೋದ ವರ್ಷ ಒಂಬತ್ತರಾಗ ಒಬ್ಬ ಇದ್ದ. ಬಾಳ ಚಲೋ ಕೆಲಸಗಾರ. ಎಲ್ಲಾರಿಗೂ ಕೈ ಕೊಡಂವ. ಹಬ್ಬ ಮೂರ್ ದಿನ ಇತ್ತು. ರಾತ್ರಿ ಹನ್ನೆರಡಕ್ಕ ತಟ್ಟಿದ. ಯಾರೂ ಕೊಡಲಿಲ್ಲ. ಎಲ್ಲಾರದೂ ಲೆಕ್ಕ ಬಿದ್ದಿತ್ತು. ಮತ್ತ ತಟ್ಟಿದ. ಮತ್ತ..." ಬೀಡಿ ನಿಂತಿತು. "ಎರಡರ ಬಿಡುವಿಗೆ ಬೆಲ್ಟು ನಿಂತಾಗ ನೋಡಿದ್ವಿ. ಕೂತಲ್ಲೇ ಹೋಗಿದ್ದ. ಮ್ಯಾಲ ಪೆಟ್ಟಿಗಿ ರಾಶಿ."

"ಎಂಟರಾಗ ಯಾರಿದ್ರು?"

"ನಾ ಇದ್ದೆ."

ಮಹಂತೇಶ ಕೇಳಿದ: "ಅವನ ಹೆಸರು?"

"ಯಾರ್ ಕೇಳಿದ್ರು? ಒಂಬತ್ತು ಅಂತಿದ್ವಿ." ಬಸಪ್ಪ ಎದ್ದ. "ನೀ ತಿರುಗಿ ಒಂದ್ ಕೈನೂ ಕೊಟ್ಟಿಲ್ಲ ಹೌದಲ್ಲ? ಅಂವ ಕೇಳ್ತಾನ. ಕೇಳಿದಾಗ ಕೊಟ್ಟುಬಿಡು."

ಕೇಳಿದ. ಹಬ್ಬಕ್ಕೆ ಮೂರು ದಿನ ಇರುವಾಗ.

ಆ ರಾತ್ರಿಯಂಥ ಮಾಲು ಅದುವರೆಗೆ ಬಂದಿರಲಿಲ್ಲ. ಲಾರಿಗಳು ಗೇಟಿನಾಚೆ ಸಾಲು ನಿಂತಿದ್ದವು. ದಹಿಯಾ ಬೆಲ್ಟಿನ ವೇಗ ಒಂದು ಗುಂಡಿ ಮೇಲಕ್ಕೆ ಒತ್ತಿದ. ಹನ್ನೆರಡು ಹೊಡೆದಿರಬೇಕು.

ಟಣ್ ಟಣ್.

ಎಡಗಡೆಯಿಂದ. ಮಹಂತೇಶನ ಕೈಯಲ್ಲಿದ್ದ ಪೆಟ್ಟಿಗೆಯೊಳಗೆ ಗಾಜು ಕಿಣಿಯೆಂದಿತು. ಉತ್ತರ ತಟ್ಟಲಿಲ್ಲ.

ಟಣ್ ಟಣ್.

ಬಲಗಡೆ ಬಸಪ್ಪ ತಲೆ ಎತ್ತಿದ್ದ. ಬಾಯಿ ಮಾತ್ರ ಆಡಿಸಿದ: "ಹೋಗು. ಕೈ ಕೊಡು."

ಮಹಂತೇಶ ಅವನನ್ನೇ ನೋಡಿದ. ನಾನು ಎಂಟು ಬಿಟ್ಟು ಒಂಬತ್ತಕ್ಕೆ ಹೋದರೆ ನನ್ನ ಲೆಕ್ಕ ಬೀಳುತ್ತದೆ. ಈ ಒಂದು ರಾತ್ರಿ ಬಿದ್ದರೆ ಆರರಿಂದ ಆಚೆ. ಏಳನೆಯವನು ಒಳಗೆ. ಅದಕ್ಕೇ ಹೇಳುತ್ತಿದ್ದಾನೆಯೇ? ಸತ್ತವನ ಕತೆ ನಿಜವೇ, ಅಥವಾ ಅದೂ ಇವನು ಕಟ್ಟಿದ್ದೇ?

"ನೀವೇ ಹೋಗ್ರಿ" ಎಂದ. "ಬಾಕಿ ನಿಮ್ಮದೂ ಅದ."

ಬಸಪ್ಪನ ಮುಖ ಬಿಳಿಚಿತು. ತಲೆ ತಗ್ಗಿಸಿ ಪೆಟ್ಟಿಗೆ ಎತ್ತಿದ. ಇಬ್ಬರೂ ಹೋಗಲಿಲ್ಲ.

ತಟ್ಟು ನಿಲ್ಲಲಿಲ್ಲ. ಸುಮಾರು ಎರಡು ಗಂಟೆಯ ಕಾಲ. ಮೊದಲು ಗಟ್ಟಿಯಾಗಿ, ಆಮೇಲೆ ಬಿಟ್ಟುಬಿಟ್ಟು. ಕೊನೆಕೊನೆಗೆ ಎರಡನೆಯ ತಟ್ಟು ಸದ್ದೇ ಮಾಡುತ್ತಿರಲಿಲ್ಲ... ಬೆರಳು ಕಬ್ಬಿಣದ ಮೇಲೆ ಜಾರಿದ ಹಾಗೆ. ಮಹಂತೇಶ ಎತ್ತಿದ, ಒತ್ತಿದ, ಹಾಕಿದ. ಪೀಂ. ಥಪ್. ನಾನೂರ ಅರವತ್ತು. ಎಲ್ಲ ಅವನದೇ ಕೈ.

ಎರಡಕ್ಕೆ ಹತ್ತು ನಿಮಿಷ ಇರುವಾಗ ಸದ್ದು ನಿಂತಿತು.

ಆಗ ಮೊದಲ ಬಾರಿಗೆ ಎಡಕ್ಕೆ ತಿರುಗಿದ. ಕತ್ತಲೆಯಲ್ಲಿ ಒಂಬತ್ತರ ಉರುಳೆಗಳ ಕೊನೆಗೆ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು. ಎದೆಯೆತ್ತರ. ರಾಶಿ ನಿಧಾನವಾಗಿ ಮೇಲೆದ್ದು ಕೆಳಗಿಳಿಯುತ್ತಿತ್ತು. ಅಡಿಯಲ್ಲಿ ಯಾರೋ ಉಸಿರಾಡುತ್ತಿದ್ದ ಹಾಗೆ.

ಗನ್ನು ಕೈಯಿಂದ ಬಿತ್ತು. ಓಡಿದ. ಗೇಟು, ಹೋಗಿಬರುವವರ ಪುಸ್ತಕದಲ್ಲಿ ಗೀಚಿದ ಸಹಿ, ಆಲದ ಮರ, ಬಾವಿ, ಹೆದ್ದಾರಿ. ಹಾಲಿನ ಟೆಂಪೋ ಒಂದನ್ನು ನಿಲ್ಲಿಸಿ ಹತ್ತಿದ್ದಷ್ಟೇ ಅವನಿಗೆ ನೆನಪು.

ಬೆಳಿಗ್ಗೆಗೆ ನೂರಮೂರು ಜ್ವರ. ಹಬ್ಬಕ್ಕೆ ಎರಡು ದಿನ ಇತ್ತು. ಧನ್‌ತೇರಸ್ಸಿನ ರಾತ್ರಿ, ಅದರ ಮರುರಾತ್ರಿ, ಎರಡೂ ರಾತ್ರಿ ಗುಂಡಣ್ಣನವರ ಹೆಂಡತಿ ದೇವಕಿ ಕಾಕು ಹಣೆಗೆ ಒದ್ದೆಬಟ್ಟೆ ಹಾಕುತ್ತಾ ಅವನ ಪಕ್ಕದಲ್ಲೇ ಕೂತಿದ್ದರು. ಕೆಲಸ ಹೋಯಿತು ಎಂದೇ ಲೆಕ್ಕ. ಗುಂಡಣ್ಣ ಹೋಗಿ ಊರಿನ ಟಿಕೆಟ್ ತಂದರು.

ಹಬ್ಬದ ಮರುದಿನ ಬೆಳಿಗ್ಗೆ ಫೋನು ಬಂತು. ಗುಂಡಣ್ಣನೇ ಎತ್ತಿದರು. ದಹಿಯಾ.

"ನಿಮ್ಮ ಹುಡುಗನಿಗೆ ಹೇಳಿ ಸಾಬ್, ಖಾಯಂ ಆಗಿದೆ. ಆರರಲ್ಲಿ ಮೊದಲ ಹೆಸರು ಅವನದೇ. ಕೊನೆಯ ಎರಡು ರಾತ್ರಿ ತಲೆ ಎತ್ತಲಿಲ್ಲ, ಚಹಾಕ್ಕೂ ಬರಲಿಲ್ಲ. ಬಂದು ಕಾಗದ ತೆಗೆದುಕೊಂಡು ಹೋಗಲಿ."

ಗುಂಡಣ್ಣ ಫೋನಿಟ್ಟು ಹುಡುಗನ ಕಡೆ ತಿರುಗಿದರು. "ನಿನ್ನ ಬದಲು ಯಾರನ್ನೋ ಕಳಿಸಿದ್ದೆಯೇನೋ?"

"ಯಾರನ್ನ ಕಳಿಸಲಿ ಕಾಕಾ?"

"ಏನ್ರೀ ನಿಮ್ಮ ಮಾತು" ಎಂದರು ದೇವಕಿ. "ಕಣ್ಣು ಬಿಡೋಕೂ ಆಗ್ತಿರಲಿಲ್ಲ ಅವನಿಗೆ."

"ಹೇಗಾದರೂ ಇರಲಿ. ಖಾಯಂ ಆಗಿದೆಯಲ್ಲ. ಚಲೋ, ನಾನೂ ಬರ್ತೀನಿ."

ಮಧ್ಯಾಹ್ನ ಇಬ್ಬರೂ ಹೋದರು. ಹಬ್ಬದ ರಜೆ. ಬೆಲ್ಟು ನಿಂತಿತ್ತು, ಶಟರುಗಳು ಇಳಿದಿದ್ದವು. ಆಫೀಸಿನ ಕೋಣೆಯ ಬಾಗಿಲು ಮಾತ್ರ ತೆರೆದಿತ್ತು, ಗೇಟಿನಿಂದ ಇಪ್ಪತ್ತು ಹೆಜ್ಜೆ. ಗಾರ್ಡು ಹೆಸರು ಕೇಳಿ, ಹೋಗಿಬರುವವರ ದಪ್ಪ ಪುಸ್ತಕ ತೆರೆದು, ಬೆರಳು ಇಳಿಸುತ್ತಾ ಬಂದು ನಿಂತ.

"ಮಹಂತೇಶ್, ಎಂಟನೇ ಸಾಲು... ನೀನು ಧನ್‌ತೇರಸ್ ರಾತ್ರಿ ಒಳಗೆ ಹೋಗಿದ್ದೀಯ. ಹೊರಗೆ ಬಂದೇ ಇಲ್ಲ."

"ನಾನು ಇಲ್ಲೇ ನಿಂತಿದೀನಲ್ಲ ಭಯ್ಯಾ."

"ಅದು ನನಗೆ ಕಾಣುತ್ತೆ. ಆದರೆ ಪುಸ್ತಕದಲ್ಲಿ ಒಳಗಿರುವವನನ್ನು ಇನ್ನೊಂದು ಸಲ ಒಳಗೆ ಹೇಗೆ ಬಿಡಲಿ? ಮೊದಲು ಹೊರಗೆ ಬಂದೆ ಅಂತ ಸಹಿ ಹಾಕು." ಪೆನ್ನು ಮುಂದೆ ಹಿಡಿದ.

ಮಹಂತೇಶ ಪೆನ್ನು ತೆಗೆದುಕೊಂಡ. ಇಪ್ಪತ್ತು ಹೆಜ್ಜೆಯಾಚೆ ಖಾಯಂ ಕೆಲಸ. ಗೆರೆಯ ಮೇಲೆ ಪೆನ್ನಿನ ತುದಿ ಇಟ್ಟ. ಒಳಗೆ ಹೋದವನು ತಾನಲ್ಲ, ತಾನು ಸಹಿ ಹಾಕಿದರೆ ಹೊರಗೆ ಬರುವವನು ಯಾರು? ಆಮೇಲೆ ಪೆನ್ನನ್ನು ಪುಸ್ತಕದ ನಡುವೆ ಮಲಗಿಸಿದ.

"ಕಾಕಾ, ನಡೀರಿ."

ಮೂರು ತಿಂಗಳಿಂದ ಕೆಲಸ ಕೆಲಸ ಎಂದು ಬಡಿದುಕೊಂಡಿದ್ದ ಗುಂಡಣ್ಣನೇ ಮುಂದೆ ನಡೆದರು. ಮಹಂತೇಶ ಮರುದಿನದ ರೈಲು ಹತ್ತಿದ.

ಗುಂಡಣ್ಣ ಮಂತ್ರಾಲಯದಲ್ಲಿ ಮೂವತ್ತೊಂದು ವರ್ಷ ಕಡತ ನೋಡಿದವರು. ಸಹಿಗೆ ಸಹಿ ತಾಳೆ ಹಾಕುವುದೇ ಅವರ ಕೆಲಸವಾಗಿತ್ತು. ದೆವ್ವ ಭೂತ ಎಂದರೆ ಎದ್ದುಹೋಗುವ ಮನುಷ್ಯ. ಅವರು ಹೇಳಿದ್ದರಿಂದಲೇ ಇದನ್ನು ನಡೆದದ್ದೆಂದು ಹೇಳುತ್ತಿರುವುದು. ಆ ಮಧ್ಯಾಹ್ನ ಅವರು ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದ್ದರು. ಒಳಗೆ ಹೋದ ಸಮಯ, ರಾತ್ರಿ ಎಂಟು ಹತ್ತು. ಸಹಿ ಮಹಂತೇಶನದೇ. ಮುಂದಿನದು, ಹೊರಗೆ ಬಂದ ಸಮಯದ ಅಂಕಣ, ಖಾಲಿ ಇತ್ತು.