ಒಳಗಿನವರಿಗೆ ಗೊತ್ತಿದ್ದದ್ದು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಷೇರುದಾರರ ಸಂಘದ ಹಿರಿಯರೇ, ಪಾಳಿ ಮುಗಿಸಿ ಕೈ ತೊಳೆದು ನೇರ ಇಲ್ಲಿಗೇ ಬಂದಿರುವ ಕಾರ್ಖಾನೆಯ ನನ್ನ ತಮ್ಮಂದಿರೇ, ತಂಗಿಯರೇ, ಸಭಿಕರೇ,

ನಮ್ಮ ತೂಕದ ಯಂತ್ರದ ಕಂಪನಿಯ ಷೇರು ಹಿಂದೆಂದೂ ಕಾಣದ ಬೆಲೆ ಕಂಡಿತೆಂದು ನನ್ನ ಕೈಗೆ ಈ ಹೂಗುಚ್ಛ ಕೊಟ್ಟಿದ್ದೀರಿ. ಸಂತೋಷ. ಹೋದ ವರ್ಷ ಇದೇ ಷೇರು ಒಂದೇ ವಾರದಲ್ಲಿ ಪಾತಾಳಕ್ಕಿಳಿದಾಗ ನಿಮ್ಮಲ್ಲಿ ಕೆಲವರು ನನ್ನನ್ನು ಏನೆಂದು ಕರೆದಿರಿ ಎಂಬುದೂ ನೆನಪಿದೆ. ಇರಲಿ, ಅದು ಈ ಹೂವಿಗಿಂತ ಹೆಚ್ಚು ಮನಸಾರೆ ಬಂದ ಮಾತು.

ಆಗ ನನ್ನ ಪಾಲಿನ ಷೇರುಗಳಲ್ಲಿ ಒಂದಿಷ್ಟನ್ನು ನಾನು ಮಾರಿದ್ದೆ. ಕಂಪನಿ ಕಟ್ಟಿದವರು ಮಾರಿದರೆ ಲೋಕಕ್ಕೆ ತಿಳಿಸಬೇಕು, ಅದು ಕಾನೂನು. ಏಕೆ ಮಾರಿದೆವು ಎಂದು ಹೇಳಬೇಕಿಲ್ಲ. ‘ಒಳಗಿನವರೇ ಮಾರುತ್ತಿದ್ದಾರೆಂದರೆ ಅವರಿಗೆ ಏನೋ ಗೊತ್ತಿದೆ’ ಎಂದು ಪತ್ರಿಕೆಗಳು ಬರೆದವು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ನೀವೂ ಮಾರಿದಿರಿ. ತಪ್ಪೆನ್ನಲೇ? ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ನನಗೆ ಗೊತ್ತಿದ್ದದ್ದು ನಿಜ. ಕಂಪನಿಯ ವಿಷಯವಲ್ಲ. ನನ್ನ ಯಜಮಾನರು ಆ ವರ್ಷ ದಾಟುವುದು ಕಷ್ಟವೆಂದು ಡಾಕ್ಟರು ನನಗೊಬ್ಬಳಿಗೇ ಹೇಳಿದ್ದರು. ಒಂದು ಹೊಸ ಔಷಧಿ ಇತ್ತು, ಬಹಳ ದುಬಾರಿ. ಆಸೆ ಬಿಡುತ್ತದೆಯೇ?

ಮೊದಲ ಯಂತ್ರವನ್ನು ಬಾಡಿಗೆ ಶೆಡ್ಡಿನಲ್ಲಿ ನನ್ನ ಜೊತೆ ಕೂತು ಜೋಡಿಸಿದವರು ಅವರು. ಬರೀ ಹೊಟ್ಟೆಯ ಹುಣ್ಣು ಎಂದು ಅವರನ್ನು ನಂಬಿಸಿದ್ದೆ. ಹಾಸಿಗೆಯಲ್ಲೇ ಪತ್ರಿಕೆ ಓದಿ ಕೇಳಿದರು: “ಯಾಕೆ ಮಾರ್ದೆ? ನಿಜ ಹೇಳು, ಕಂಪನಿ ಮುಳುಗ್ತಾ ಇದೆಯಾ?”

ಏನು ಹೇಳಲಿ? ಇಲ್ಲ ಎಂದರೆ, ಮತ್ಯಾಕೆ ಮಾರಿದೆ ಎನ್ನುತ್ತಾರೆ. ಹೌದು ಎಂದೆ.

ನನ್ನ ಕೈ ಹಿಡಿದುಕೊಂಡರು. “ಹೋದ್ರೆ ಹೋಗ್ಲಿ ಬಿಡೇ. ನಾನು ಎದ್ದ ಮೇಲೆ ಶೆಡ್ಡಿನಿಂದ್ಲೇ ಮತ್ತೆ ಶುರು ಮಾಡೋಣ. ಆ ಹಳೇ ಸ್ಕ್ರೂಡ್ರೈವರ್ ಎಲ್ಲಿದೆ ಅಂತ ಹುಡುಕಿಡು.”

ಹುಡುಕಿದೆ. ಅವರ ದಿಂಬಿನ ಪಕ್ಕದಲ್ಲೇ ಇಟ್ಟೆ.

ಕೆಲವು ತಿಂಗಳಲ್ಲಿ ಬೆಲೆ ಚೇತರಿಸಿಕೊಂಡಿತು. ತಪ್ಪು ತಿದ್ದಿಕೊಳ್ಳಲು ಪೇಟೆಗೆ ಯಾವಾಗಲೂ ಸಮಯವಿರುತ್ತದೆ. ಅವರು ಅಷ್ಟರಲ್ಲಿ ಹೋಗಿಬಿಟ್ಟಿದ್ದರು, ನಾನು ಎಲ್ಲವನ್ನೂ ಕಳೆದುಕೊಂಡೆನೆಂದು ನಂಬಿ ನನಗೆ ಧೈರ್ಯ ಹೇಳುತ್ತಲೇ. ನಾವು ಕಟ್ಟಿದ್ದು ನಿಂತಿದೆ ಎಂದು ಅವರಿಗೆ ಗೊತ್ತೇ ಆಗಲಿಲ್ಲ. ಅದು ನನ್ನನ್ನು ಸುಡುತ್ತದೆ.

ಕ್ಷಮಿಸಿ, ಮುಂದಿನ ವರ್ಷದ ಯೋಜನೆ ಹೇಳಲು ಕರೆದಿರಿ, ನಾನು ಎಲ್ಲಿಗೋ ಹೋದೆ. ಷೇರುದಾರರು ನಿಶ್ಚಿಂತೆಯಾಗಿರಿ. ನಾನಿನ್ನು ಒಂದು ಷೇರನ್ನೂ ಮಾರುವುದಿಲ್ಲ. ಮಾರಿ ಉಳಿಸಿಕೊಳ್ಳಬೇಕಾದವರು ಈಗ ನನಗೆ ಯಾರೂ ಇಲ್ಲ.

ಇಷ್ಟು ಹೊತ್ತು ಕೇಳಿದಿರಿ, ನಿಮಗೆ ಋಣಿ. ನಮಸ್ಕಾರ.