ಪ್ರಬಲ ಬಲದ ಅರ್ಧ ಪಾಠ

ವೇದಿಕೆಯ ಅಧ್ಯಕ್ಷರೇ, ಹಾರ ಹಾಕಿಸಿಕೊಂಡ ಅತಿಥಿಗಳೇ, ಹಾರ ಬೇಡವೆಂದು ತುದಿಯ ಕುರ್ಚಿ ಹಿಡಿದ ನಮ್ಮ ಪ್ರಿಯಂವದಾ ಮೇಡಂ ಅವರೇ, ಸಭಿಕರೇ,

ಅತಿಥಿಗಳೇ, ಈ ಕಾಲೇಜಿಗೆ ಭೌತಶಾಸ್ತ್ರದ ಎಂ.ಎಸ್ಸಿ. ತರುತ್ತೇವೆ ಎಂದಿರಿ, ತರಲಿಲ್ಲ. ಪ್ರಯೋಗಾಲಯ ಎಂದಿರಿ, ಆ ಕೋಣೆಯಲ್ಲಿ ಹಳೆಯ ಮತಪೆಟ್ಟಿಗೆ ತುಂಬಿದಿರಿ. ಹೆಣ್ಣುಮಕ್ಕಳ ಹಾಸ್ಟೆಲ್ ಎಂದಿರಿ, ಅಡಿಗಲ್ಲು ಮಾತ್ರ ಬಂತು. ಈಗ ವಿದ್ಯಾರ್ಥಿಗಳು ಕಡಿಮೆಯೆಂದು ವಿಭಾಗವನ್ನೇ ಮುಚ್ಚಿ ಮೇಡಂ ಅವರನ್ನು ರಾಮದುರ್ಗಕ್ಕೆ ಅಟ್ಟುತ್ತಿದ್ದೀರಿ. ಇದಕ್ಕೆ ಬೀಳ್ಕೊಡುಗೆ ಎಂದು ಹೆಸರು!

ನಾನು ಹೂಲಿಯ ಉಮಾಶ್ರೀ. ಮೇಡಂ ಕೈಯಲ್ಲಿ ಬಿ.ಎಸ್ಸಿ. ಓದಿದವಳು, ಈಗ ವಿಭಾಗ ಉಳಿಸುವ ಹೋರಾಟ ಸಮಿತಿಯವಳು. ಮನವಿ ಕೊಡಲು ಕಾಲೇಜಿಗೆ ಬಂದ ದಿನ ಮೇಡಂ ಪಾಠ ನಡೆದಿತ್ತು, ಹಿಂದಿನ ಬೆಂಚಿನಲ್ಲಿ ಕುಳಿತುಬಿಟ್ಟೆ. ಮೇಡಂ ಕೇಳಿದರು:

“ಉಮಾ, ಜ್ವಾಳದ ಹೊಲದಾಗ ಕವಣಿ ಬೀಸೀ ಏನು?”

“ಬೀಸೇನ್ರಿ. ಹಕ್ಕಿಗಿಂತ ನಮ್ಮಣ್ಣಗ ಹೆಚ್ಚ ಬಡದಾವ್ರಿ.”

“ಬೆಳಿ ಒಳಗ ಏನದ, ಕಾಣಂಗಿಲ್ಲ. ಆದ್ರ ಕಲ್ಲು ಬಡದು ಸಿಡಿದ ಸಪ್ಪಳದ ಮ್ಯಾಲೆ ಮಣ್ಣದನೋ ಬಂಡೆ ಅದನೋ ಗೊತ್ತಾಗ್ತದ. ಪ್ರೋಟಾನಿನ ಒಳಗೂ ಹಂಗೇ ನೋಡ್ಯಾರ. ಜೋರ್ಲೆ ಹೊಡದು, ಯಾವ ಕಡೆ ಎಷ್ಟು ಸಿಡೀತು ಅಂತ.”

ಒಳಗೆ ಸಿಕ್ಕವು ಕ್ವಾರ್ಕುಗಳೆಂಬ ಇನ್ನೂ ಸಣ್ಣ ಕಣಗಳು. ಹತ್ತಿರವಿದ್ದಾಗ ಒಂದರ ಗೊಡವೆ ಒಂದಕ್ಕಿಲ್ಲ. ದೂರ ಎಳೆಯಿರಿ, ಹಿಡಿತ ಸಡಿಲಾಗುವುದೇ ಇಲ್ಲ. ಪ್ರಬಲ ಬಲವೆಂದೇ ಇದರ ಹೆಸರು. ಎಂಥ ಬಲವಿದು?

ಸಭಿಕರೇ, ಧಾರವಾಡದಲ್ಲಿ ನನಗೆ ಎಂ.ಎಸ್ಸಿ. ಸೀಟು ಸಿಕ್ಕಿತ್ತು. “ಇಲ್ಲೇ ಎಂ.ಎಸ್ಸಿ. ಆಗತೈತಿ ಅಂದಾರ, ತಡೀಯವ್ವಾ” ಎಂದ ಅಪ್ಪ. ತಡೆದೆ, ಸೀಟು ಹೋಯಿತು. ಬೈಲಹೊಂಗಲದ ಧರಣಿ, ಕಿತ್ತೂರಿನ ಮೋರ್ಚಾ, ಕೂಗಿ ಕೂಗಿ ದನಿ ಒಡೆಯಿತು. ಸೂತ್ರಗಳು ಮಾತ್ರ ಬಿಡಲಿಲ್ಲ. ಬಸ್ಸಿನಲ್ಲಿ, ಲಾಕಪ್ಪಿನಲ್ಲಿ ನೆನಪಾಗುತ್ತಿದ್ದವು. ಆ ಕವಣೆಯ ಪಾಠ ಕೇಳಿದ ಮೇಲೆ ವಾರವಾರವೂ ಒಂದು ಹೊಸ ಮನವಿ ಬರೆದು ತಂದೆ. ಒಮ್ಮೆ ಮೇಡಂ ನಕ್ಕರು: “ಮನವಿ ಕೊಡೋದಾತಲ್ಲ, ಇನ್ನೂ ಯಾಕ ಕೂತೀದಿ?” ಇದನ್ನೆಲ್ಲ ಹೇಳಬೇಕೆಂದು ನಾನು ಬಂದಿರಲಿಲ್ಲ.

ಎಳೆದೆಳೆದು ಕೊನೆಗೆ ಕ್ವಾರ್ಕಿಗೆ ಏನಾಗುತ್ತದೆ? ಮೇಡಂ ಹಲಗೆಯತ್ತ ತಿರುಗಿದ್ದರು. ಅಷ್ಟರಲ್ಲಿ ವರ್ಗಾವಣೆಯ ಆದೇಶ ಬಂತು, ಪಾಠ ಅರ್ಧಕ್ಕೆ ನಿಂತಿತು. ಉತ್ತರವೇನೋ ಪುಸ್ತಕದಲ್ಲಿದೆ, ಓದಿದ್ದೇನೆ. ಆದರೆ ನನಗದು ಅವರ ಬಾಯಿಂದಲೇ ಬೇಕು. ಮನೋಳಿಯಿಂದ ಈ ವಿಭಾಗಕ್ಕೆ ಓದಲು ಬರುವ ಹುಡುಗಿಯರಿಗೂ ಬೇಕು.

ಆದ್ದರಿಂದ ಈ ಬೀಳ್ಕೊಡುಗೆಯನ್ನು ನಾವು ಒಪ್ಪುವುದಿಲ್ಲ. ಬರುವ ಸೋಮವಾರ ತಹಶೀಲ್ದಾರ ಕಚೇರಿಯ ಮುಂದೆ ಧರಣಿ. ಘೋಷಣೆ ಇಲ್ಲ, ಪಾಠ. ಕರಿಹಲಗೆ ಹೊತ್ತು ತರುತ್ತೇವೆ. ಮೇಡಂ, ರಜೆ ಹಾಕಿ ಬರ್ರಿ. ನಿಮ್ಮನ್ನು ಬಿಡದಿದ್ದರೆ ಸೀಮೆಸುಣ್ಣ ನಾನೇ ಹಿಡಿಯುತ್ತೇನೆ.

ಇಷ್ಟು ಹೊತ್ತು ತಾಳಿಕೊಂಡಿರಿ, ನಿಮಗೆ ಋಣಿ. ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ. ನಮಸ್ಕಾರ.